ಎಚ್‌ಡಿ ಈ ಕಡೆ ಬರಲ್ಲ ಅಂದ್ಬುಡು

…ಅಯ್ಯೋ, ಏಣಿ ಆಮೇಲೆ ಆಕಿದ್ರಾಯ್ತು, ಆರುಮುಗಂ! ಮೊದ್ಲು ಇಲ್ಲಿ ಬಾ, ಕೊಟ್ಟಿಗೆ ಮಗ್ಗುಲಿಗೆ. ಇವರು ಡೈರಿಗೆ ಆಲು ಆಕಕ್ಕೆ ಓಗವ್ರೆ, ಇನ್ನೊಂದು ಗಳಿಗೇಲಿ ಬಂದ್ಬುಡ್ತಾರೆ. ಅಷ್ಟ್ರಲ್ಲಿ ಒಂದು ಮಾತು… ಟಿವಿಗೆ ಅಂತ ಆ ಎಚ್‌ಡಿ ಬಾಕ್ಸು ತಂದಿದೀಯಲ್ಲ, ಅದನ್ನ ಆಕ್ಬ್ಯಾಡ. 'ಯಜಮಾನ್ರೇ, ಎಚ್‌ಡಿ ಈ ಕಡೆ ಬರಲ್ಲ' ಅಂದ್ಬುಡು. ಅಷ್ಟೇ.

ಯಾಕೆ ನಗ್ತೀಯ? ಬೂದಿಕೋಟೇಲಿ ಮನೆಮನೆಗೂ ಬತ್ತದೆ, ನಿಮ್ಮನೇಗೆ ಯಾಕೆ ಬರಲ್ಲ ಅಂತಾನಾ? ಏನೋ ಒಂದು ಯೇಳಪ್ಪ! ಉಣಸೇಮರ ಅಡ್ಡ ಬತ್ತದೆ ಅನ್ನು. ಕೆಜಿಎಫಲ್ಲಿ ಉಟ್ಟಿ ಬೆಳ್ದೋನು, ಮೂರು ಭಾಷೆ ಆಡ್ತೀಯ, ಒಂದ್ರಲ್ಲೂ ಸುಳ್ಳು ಬರಲ್ವಾ ನಿಂಗೆ?

ಅದೂ ಅಲ್ದೆ… ಇವರ ಕಣ್ಣಲ್ಲಿ ಪೊರೆ. ಎಷ್ಟು ಚಂದ ತೋರ್ಸಿದ್ರೂ ಅಷ್ಟೇ, ದಂಡ… ಏನು? ಆಪರೇಶನ್ ಆಯ್ತಲ್ಲಕ್ಕ ಅಂತೀಯಾ? ಊಂ… ಆಯ್ತು. ಯುಗಾದಿಗೆ ಮುಂಚೆ. ಮರ್ತೇ ಓಗಿತ್ತು.

ಎಲ್ಲ ಆ ದೊಡ್ಡ ಟಿವಿಯಿಂದ ಬಂದಿದ್ದು! ಅಳಿಯ ಸುಧಾಕರ್ ತಂದು ಗೋಡೆಗೆ ಬಡಿಸ್ದ. ಅಳೇ ಡಬ್ಬದಲ್ಲಿ ಎಲ್ಲ ಸಣ್ಣಗೆ, ಚೊಕ್ಕವಾಗಿ ಕಾಣ್ತಿತ್ತು. ಇದ್ರಲ್ಲಿ ಮುಖಗಳೆಲ್ಲ ಅಗಲವಾಗಿ ಕಲಸ್ಕಂಡು… ನೀರೊಳಗಿಂದ ನೋಡ್ದಂಗೆ. ಬೆಳಿಗ್ಗೆ ಬೆಂಗಳೂರು ಊವಿನ ಮಾರ್ಕೆಟ್ ರೇಟು ಯೇಳ್ತಾರಲ್ಲ? ಆ ಉಡುಗಿ ಮೈಕ್ ಇಡ್ಕಂಡು ನಿಂತಿರ್ತಾಳೆ, ಅವಳ ಇಂದೆ ಒಬ್ಬ ಮೂಟೆ ಒತ್ಕಂಡು ಓದ. ಎಡಗಡೆ ಎಗಲ ಮೇಲೆ, ನಮ್ಮುಡುಗ ಒರ್ತಿದ್ದಂಗೇ. ಇವರು ಕಾಫಿ ಲೋಟ ಬಿಟ್ಟಾಕಿ ಕೂಗ್ಕಂಡ್ರು, 'ಲೇ, ಗೋಪಿ ಕಣೇ! ನನ್ ಮಗ ಕಣೇ!'

ಅವತ್ತಿಂದ ದಿನಾ ಅದ್ರ ಮುಂದೇನೇ. ಎರಡು ಸಲ ಟ್ರೈನ್ ಅತ್ತಿ ಓಗಿ ಆ ಮಾರ್ಕೆಟ್ಟೆಲ್ಲ ಜಾಲಾಡ್ಕಂಡು ಬಂದ್ರು. ಸಿಕ್ತಾನಾ? ಅಲ್ಲಿ ಮೂಟೆ ಒರೋರು ಸಾವ್ರ ಜನ. ಟಿವೀಲಿ ಒಂದಿನ ಕಾಣ್ತಾನೆ, ನಾಕು ದಿನ ಕಾಣಲ್ಲ. 'ಮುಖ ಒಂದು ಸರಿಯಾಗಿ ಕಂಡ್ಬುಟ್ರೆ ಸಾಕು ಕಣೇ ರತ್ನ' ಅಂತಾರೆ. ಅದಕ್ಕೇ ಈ ಎಚ್‌ಡಿ. ಅದಕ್ಕೇ ನಿಂಗೆ ಫೋನ್ ಮೇಲೆ ಫೋನು.

ಮುಖ ಕಂಡು, ಅವನಲ್ಲ ಅಂತ ಆಗೋದ್ರೆ? ತಡ್ಕಂತದಾ ಆ ಜೀವ? ಎರಡು ವರ್ಷದ ಇಂದೆ, ಅಕ್ಕನ ಮದ್ವೆಗೆ ವಾರ ಇರೋವಾಗ ಮನೇಗೆ ಕುಡ್ಕಂಡು ಬಂದ ಅಂತ ಗೋಪಿ ಕೆನ್ನೆಗೆ ಒಂದು ಬಿಟ್ರು. ಮಾರನೇ ಬೆಳಿಗ್ಗೆ ಕೆಲ್ಸಕ್ಕೆ ಅಂತ ಓದೋನು… 'ನಾನು ಒಡ್ದಿದ್ದಕ್ಕೇ ಓದ, ಅಕ್ಕನ ಧಾರೆಗೂ ಬರ್ಲಿಲ್ಲ' ಅಂತ ಇವತ್ತಿಗೂ ಮುದ್ದೆ ಮುರೀವಾಗ ಬಲಗೈನೇ ನೋಡ್ಕಂಡು ಕೂತ್ಬುಡ್ತಾರೆ. ಎಲ್ಲೋ ಒಂದ್ಕಡೆ ಬದ್ಕವ್ನೆ, ಅದೊಂದೇ ಅವರಿಗಿರೋದು. ಮಸುಕಾಗೇ ಇರ್ಲಿ ಬಿಡಪ್ಪ. ಯೇಳ್ತೀಯ ತಾನೇ?



ಯಾಕೆ ಅಂಗೆ ನೆಲ ನೋಡ್ತೀಯ? ಬೇರೆ ಯಾರಾಗಿದ್ರೂ ಕೇಳ್ತಿದ್ರು. 'ಅವನಲ್ಲ ಅಂತ ನಿಂಗೆಂಗೆ ಗೊತ್ತಕ್ಕ?' ಅಂತ. ಮೊದ್ಲು ಕೇಳೋ ಮಾತೇ ಅದು! ನೀನ್ಯಾಕೆ ಕೇಳ್ಲಿಲ್ಲ? ಕೇಳು! ಕೇಳೋ ಆರುಮುಗಂ!

…ಕೇಳಲ್ಲ ನೀನು. ಅವತ್ತೂ ಇಂಗೇ, ತುಟಿ ಎರಡು ಮಾಡ್ಲಿಲ್ಲ.

ನಿನ್ನ ಬೈಕಲ್ಲೇ ತಾನೇ ಓಗಿದ್ದು. ನೀನು ಮಾಳಿಗೆ ಮೇಲೆ ಡಿಶ್ ತಿರುಗುಸ್ತಿದ್ದೆ. ಟ್ರೈನಿಂದ ಬಿದ್ದು ಸತ್ತೋನೊಬ್ಬ ಬಂಗಾರಪೇಟೆ ಆಸ್ಪತ್ರೇಲವ್ನೆ, ಗುರ್ತು ಸಿಕ್ಕಿಲ್ಲ ಅಂತ ಸುದ್ದಿ ಬಂತು. ಇವರು ಲಗ್ನಪತ್ರಿಕೆ ಅಂಚಕ್ಕೆ ಓಗಿದ್ರು. ಎರಡು ದಿನದಿಂದ ಮಗ ಮನೇಗಿಲ್ಲ… ಓದ್ವಿ. ಪೋಲೀಸ್ನೋನು ಕೇಳ್ದ, 'ನಿನ್ ಮಗನಾ ನೋಡಮ್ಮ.' 'ಅಲ್ಲ' ಅಂದೆ. ಮುಖದ ಬಟ್ಟೆ ತೆಗೀತೀನಿ ಅಂದ. ಬ್ಯಾಡ ಅಂದೆ.

ಕಾಲು ಬಟ್ಟೆಯಿಂದ ಆಚೆ ಇತ್ತು ಕಣೋ. ಎರಡನೇ ಬೆರಳು ಎಬ್ಬೆಟ್ಟಿನ ಮೇಲೆ ಅತ್ಕಂಡಿತ್ತು, ಅವರಪ್ಪನಂಗೇ. ಮುಖ ಯಾಕೆ ನೋಡ್ಬೇಕು ನಾನು? ಆ ಕಾಲನ್ನ ನನ್ ತೊಡೆ ಮೇಲೆ ಆಕ್ಕಂಡು ಎಣ್ಣೆ ತಿಕ್ಕಿದೋಳು.

ಅವನಕ್ಕ ಲಿಖಿತನ ಮದ್ವೆಗೆ ನಾಕೇ ದಿವ್ಸ! ಮೊದಲ್ನೇ ಸಂಬಂಧ ವೀಳ್ಯ ಆದ್ಮೇಲೆ ಮುರ್ದೋಗಿತ್ತು. ಇದೂ ನಿಂತ್ರೆ ತಮ್ಮನ್ನ ನುಂಗ್ದೋಳು ಅಂತಿದ್ರು. ಯಾರು ಬತ್ತಿದ್ರು ಅವಳಿಗೆ? ನಾಕು ದಿವ್ಸ… ನಾಕು ದಿವ್ಸ ಕಳೀಲಿ, ಯೇಳ್ತೀನಿ ಅಂತಲೇ ಇದ್ದೆ. ದೇವರಾಣೆ! ಧಾರೆ ಆಗಿ ಮೂರನೇ ದಿನ ಆಸ್ಪತ್ರೆಗೆ ಒಬ್ಬಳೇ ಓದೆ. ಊತ್ಬುಟ್ರು ಅಂದ್ರು. ಎಲ್ಲಿ ಅಂತ ಕೇಳಕ್ಕೂ ಬಾಯಿ ಬರ್ಲಿಲ್ಲ. 'ನೀನ್ಯಾರಮ್ಮ' ಅಂದಿದ್ರೆ ಏನು ಯೇಳ್ಳಿ? ಆಮೇಲೆ ಇವರಿಗೆ ಯಾವ ಬಾಯಲ್ಲಿ ಯೇಳ್ಳಿ?

ಅವತ್ತು ನಿನ್ನ ಬೈಕಲ್ಲಿ ಓದಾಗ, ನಾನು ಆಚೆ ಬಂದ್ಮೇಲೂ ನೀನು ಒಳಗೇ ನಿಂತಿದ್ದೆ. ಬಟ್ಟೆ ತೆಗ್ಸಿ ನೋಡ್ದೆ… ಅಲ್ವಾ? ಅಳ್ತಿದೀಯಾ?

ಊಳೋವಾಗ… ನೀನಿದ್ಯಾ ಅಲ್ಲಿ? ತಲೆ ಎತ್ತು, ನನ್ನ ನೋಡು. ಮಣ್ಣು ಆಕಿದ್ಯಾ?

ಅಪ್ಪಾ… ನನ್ನಪ್ಪಾ… ಎರಡು ವರ್ಷ ಈ ಬಾಗ್ಲಿಗೆ ಬಂದು, ನನ್ ಕೈಲಿ ಕಾಫಿ ಈಸ್ಕಂಡು ಕುಡ್ದು, ಒಂದು ಮಾತು… ಒಂದೇ ಒಂದು ಮಾತು ಆಡ್ದೇನೆ…

ಯಾಕೆ ಎದ್ದೆ? ಬೈಕಿನ ಕೀ ಯಾಕೆ? …ಜಾಗ ತೋರುಸ್ತೀಯಾ?

ತಡಿ. ತಡಿಯಪ್ಪ. ಒಬ್ಬಳೇ ಬರಲ್ಲ ನಾನು. ಅವತ್ತು ಇವರನ್ನ ಬಿಟ್ಟು ಬಂದಿದ್ದಕ್ಕೇ ಇಷ್ಟೆಲ್ಲ ಆಗಿದ್ದು… ಅಗೋ, ತಿರುವಲ್ಲಿ ಬತ್ತಾವ್ರೆ. ನಿನ್ನ ಬೈಕ್ ನೋಡಿ ಬಿರಬಿರನೆ ಬತ್ತಾವ್ರೆ, ನಗ್ತಾವ್ರೆ ನೋಡು.

ನಾನೇ ಯೇಳ್ತೀನಿ. ನೀನು ಓಗ್ಬ್ಯಾಡ, ಆರುಮುಗಂ. ನನ್ ಮಗ್ಗುಲಲ್ಲೇ ನಿಂತಿರು.