ಸೈರನ್ ನಂತರದ ಮೌನ

ಕ್ರೀಡಾಂಗಣದತ್ತ ಸಾಗುತ್ತಿದ್ದ ಮೆಲ್ಬರ್ನಿನ ಟ್ರಾಮಿನಲ್ಲಿ ಸಹಪ್ರಯಾಣಿಕೆ ಗ್ಲೆನಿಸ್ ಅಜ್ಜಿಯ ಎದುರಿಗೇ, ಪಂದ್ಯಗಳಲ್ಲಿ ಪೈ ಎಂಬ ಮಾಂಸದ ಕಡುಬು ಮಾರುವ, ಏಪ್ರನ್ ತೊಟ್ಟಿದ್ದ ವಿದ್ಯಾರ್ಥಿ ಡೆಕ್ಲನ್, ಗೆಳತಿ ಸೀನಾಳ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದ.

“ಫುಟ್‌ಬಾಲ್ ಆಟ ಮುಗಿಸೋ ಸೈರನ್ ಆದ್ಮೇಲಿನ ಕೊನೇ ಕಿಕ್, ಗೆಲುವು ಅದ್ರ ಮೇಲೇ ನಿಂತಿತ್ತು. ಇಡೀ ಸ್ಟೇಡಿಯಂ ಉಸಿರು ಬಿಗಿಹಿಡಿದಿತ್ತು. ನನ್ನ ಹಾಡಿಗೆ ಆ ಮೌನವೇ ಬೇಕಿತ್ತು ಕಣೇ.”

“ಮಧ್ಯೆ ಯಾರೋ ‘ಸಾಸ್ ಹಾಕ್ಲಾ’ ಅಂತಾರಲ್ಲೋ?”

“ನಾನೇ, ಪೈ ಮಾರ್ತಾನೇ ರೆಕಾರ್ಡ್ ಮಾಡ್ತಿದ್ನಲ್ಲ. ಹಾಳು ಬಾಯಿ, ಅಭ್ಯಾಸ ಆಗ್ಹೋಗಿದೆ.”

“ಇನ್ನೊಂದ್ಸಲ ರೆಕಾರ್ಡ್ ಮಾಡು.”

“ಅಂಥ ಕಿಕ್ ವರ್ಷಕ್ಕೊಂದು ಸಿಕ್ರೆ ಪುಣ್ಯ. ಹಾಡ್ನ ರೇಡಿಯೋದವ್ರಿಗೆ ಇವತ್ತೇ ಕಳಿಸ್ಬೇಕು.”

“ಹಾಗೇ ಕಳ್ಸು. ಇಡೀ ಹಾಡಲ್ಲಿ ನೀನಿರೋದು ಅಲ್ಲೊಂದೇ ಕಡೆ.”

“ತಮಾಷೆ ಸಾಕು.”

“ತಮಾಷೆ ಅಲ್ವೋ.”

ಸ್ಟೇಡಿಯಂ ಬಂತು. ಡೆಕ್ಲನ್ ಇಯರ್‌ಫೋನ್ ಜೇಬಿಗೆ ಹಾಕಿಕೊಂಡು ಇಳಿದ. ಕಿಟಕಿಯಾಚೆ ಅವನು ಫೋನನ್ನು ಕಿವಿಗೊತ್ತಿ, ‘ಸಾಸ್ ಹಾಕ್ಲಾ’ ಎಂದು ತುಟಿಯಾಡಿಸುತ್ತ ನಿಂತದ್ದು ಗ್ಲೆನಿಸ್‌ಗೆ ಕಂಡಿತು. ಮುಖದ ಗಂಟು ಸಡಿಲಾಗಿರಲಿಲ್ಲ. ಕಾಲು ಮಾತ್ರ ತಾಳ ಹಾಕುತ್ತಿತ್ತು.