ಮೀನಿನ ತೊಟ್ಟಿಯ ಸಂಜೆ

ಇದು ನಮ್ಮ ದೊಡ್ಡವ್ವನ ಮಗ ರುದ್ರಮುನಿಗೆ ಆದದ್ದು. ರಾಯದುರ್ಗದಾಗ ಜೀನ್ಸ್ ಹೊಲಿಯೋ ಯೂನಿಟ್‌ಗಳ ಮೋಟ್ರು, ಲೈಟು ರಿಪೇರಿ ಮಾಡ್ತಿದ್ದ.

ಅವತ್ತು ರಾತ್ರಿ ಕೆಲಸ ಮುಗಿಸಿ ಪಾಳುಬಾವಿ ದಾಟಿ ಮನೆ ಕಡೆ ಹೊಂಟಿದ್ದ. ಬಾವಿಯೊಳಗ ಪಾರಿವಾಳ ಒಮ್ಮೆ ಪಟಪಟ ಅಂತು... ಸುಮ್ಮನಾತು. ಹಿಂದಿಂದ ಯಾರೋ ಮೆಲ್ಲಗ ಕರೆದ್ರು. ತಿರುಗಿ ನೋಡಿದ್ರ ಯೂನಿಟ್ ಸಾಹುಕಾರ ದೊಡ್ಡಮಲ್ಲಪ್ಪ.

"ಹಗಲೆಲ್ಲಾ ಕರೆಂಟ್ ಇರಲಿಲ್ಲ. ಈಗ ಬರ್ತಿಯೇನಪ್ಪ? ಲೈಟು ಏಕದಂ ಹತ್ತಿದ್ರ ಮೀನು ಹೆದರಿ ಗಾಜಿಗೆ ಬಡ್ಕೊಂಡು ಸಾಯ್ತಾವ."

ದೊಡ್ಡಮಲ್ಲಪ್ಪ ಹೊಲಿಗೆ ಮಿಷಿನ್‌ಗಳನ್ನ ಊರಾಚೆ ಸಾಗಿಸಿ, ಮಹಡಿ ಹಾಲಿನಾಗ ಗೋಡೆಯುದ್ದ ಮೀನಿನ ತೊಟ್ಟಿ ಇಡಿಸಿದ್ದ. ಬೆಂಗಳೂರಿಂದ ಹೊತ್ತು ನೋಡಿ ಲೈಟು ನಡೆಸೋ ಕಂಟ್ರೋಲರ್ ತರಿಸಿದ್ದ, ಟ್ಯೂಬ್‌ಲೈಟಿನ ಬೆಳಕು ಏರಿಸಿ ಇಳಿಸೋ ಚೋಕು ತರಿಸಿದ್ದ. ಅವೆರಡನ್ನ ಜೋಡಿಸಿದ್ರ ಮೀನಿಗೆ ನಿಧಾನಕ್ಕೆ ಬೆಳಗಾಗ್ತದ, ನಿಧಾನಕ್ಕೆ ಸಂಜೆ.

ಅದೇ ಹಾಲಿನಾಗ ಹಿಂದೆ ಬೆಳುಗುಪ್ಪದ ನಾಗವೇಣಿ ಪ್ಯಾಂಟು ಹೊಲೀತಿದ್ಲು. ಆರ್ಡರ್ ಜೋರಿದ್ದಾಗ ಹೆಣ್ಮಕ್ಕಳು ಅಲ್ಲೇ ಉಳೀಬೇಕು. ಟ್ಯೂಬ್‌ಲೈಟು ರಾತ್ರಿಯೆಲ್ಲಾ ಆರ್ತಿರಲಿಲ್ಲ. ಕಣ್ಣು ಉರೀತಾವ, ಒಂದು ಗಳಿಗೆ ಆರಿಸ್ರಿ ಅಂತ ಬೇಡಿಕೊಂಡ್ಲು. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಒಂದು ನಸುಕಿನಾಗ ಮಿಷಿನ್ ಮ್ಯಾಲೆ ತಲೆ ಇಟ್ಲು... ಎಬ್ಬಿಸಿದ್ರ ಏಳಲಿಲ್ಲ.

ಅವತ್ತು ರಾತ್ರಿ ರುದ್ರಮುನಿನ್ನ ಆ ಹಾಲಿಗೆ ಬಿಟ್ಟು ಸಾಹುಕಾರ ಕೆಳಗ ಮಲಗಾಕ ಹೋದ. ರುದ್ರಮುನಿ ಒಬ್ಬನೇ. ಚೋಕಿಗೆ ಕರೆಂಟ್ ಕೊಟ್ಟ. ಬೆಳಕು ಪೂರ್ತಿ ಹತ್ತಿತು. ಹಂಗೇ ಹತ್ತಬೇಕು. ಕಂಟ್ರೋಲರಿಂದ ಬರೋ ಎರಡು ಸಣ್ಣ ವೈರು ಕೂಡಿಸೋ ತನಕ ಅದು ಮಂಕಾಗಂಗಿಲ್ಲ. ಆ ವೈರು ಇನ್ನಾ ಅವನ ಕೈಯಾಗೇ ಇದ್ವು.

ಬೆಳಕು ಇಳೀತು.

ಮೆಲ್ಲಗ... ಮೆಲ್ಲಗ... ತೊಟ್ಟಿಯ ಗಾಳಿ ಪಂಪಿನ ಗುಳುಗುಳು ನಿಂತೇ ಹೋತು. ಬೆನ್ನ ಹಿಂದ ಪೆಡಲ್ ಒತ್ತಿದ ಸದ್ದು, ಟಕ್. ಆಮೇಲೆ ಟರ್ರ್... ಟರ್ರ್... ದಪ್ಪ ಬಟ್ಟೆ ಮ್ಯಾಲೆ ಸೂಜಿ ಓಡೋ ಸದ್ದು. ಹಾಲಿನಾಗ ಒಂದು ಮಿಷಿನ್ನೂ ಇರಲಿಲ್ಲ.

"ಇನ್ನೊಂಚೂರು ಇಳಸಣ್ಣ..."

ಪಿಸುಮಾತು. ಹಿಂದೆ ಟ್ಯೂಬ್ ಬದಲಾಯಿಸಾಕ ಬಂದಾಗೆಲ್ಲಾ ರುದ್ರಮುನಿ ಕೇಳಿದ್ದ ದನಿ.

"ನಾಗವೇಣಿ... ನೀನಾ?"

"ನಿದ್ದಿ ಬರ್ತದಣ್ಣ."

ಅವನು ತಿರುಗಲಿಲ್ಲ. ತಡಕಾಡಿ ಸ್ವಿಚ್ ಆರಿಸಿದ. ಕತ್ತಲು. ಟರ್ರ್ ಅನ್ನೋದು ನಿಂತಿತು. ಯಾರೋ ನೆಲಕ್ಕ ಮೈ ಚಾಚಿ, ಉದ್ದಕ್ಕ ಉಸಿರು ಬಿಟ್ರು. ಇವನು ಸಾಮಾನಿನ ಚೀಲ ಅಲ್ಲೇ ಬಿಟ್ಟು, ಗೋಡೆ ಹಿಡ್ಕೊಂಡು ಇಳಿದು ಬಂದ.

ಬೆಳಿಗ್ಗೆ ಚೀಲ ತರಾಕ ಹೋದ. ಸಾಹುಕಾರನ ಹೆಂಡತಿ ದ್ರಾಕ್ಷಾಯಣಮ್ಮ ಮೆಟ್ಟಿಲ ಹತ್ರ ತಡೆದ್ಲು.

"ಸದ್ದು ಮಾಡಬ್ಯಾಡಪ್ಪ. ರಾತ್ರಿ ನೀನು ಕರ್ಕೊಂಡು ಬಂದ ಹುಡುಗಿ ಇನ್ನಾ ಮಲಗ್ಯಾಳ."

ಮ್ಯಾಲೆ ಹೋದ. ಯಾರೂ ಇಲ್ಲ. ತೊಟ್ಟಿ ಪಕ್ಕ ನೆಲದ ಮ್ಯಾಲೆ ಜೀನ್ಸ್ ಬಟ್ಟೆಯ ತುಂಡೊಂದು ಹಾಸಿತ್ತು. ರುದ್ರಮುನಿ ಕೂತು ಅಂಗೈ ಇಟ್ಟು ನೋಡಿದ.

ಬೆಚ್ಚಗಿತ್ತು.

ಕಟ್ಟಿ ಹೇಳಿದ ಮಾತಲ್ರಿ. ರುದ್ರಮುನಿ ಈಗಲೂ ರಾಯದುರ್ಗದಾಗೇ ಅದಾನ, ಕೇಳ್ರಿ ಬೇಕಾದ್ರ... ಬೆಚ್ಚಗಿತ್ತು.