ಹತ್ತು ದಿನದ ಮಾತ್ರೆ

ಅಲ್ಲ ಗ್ಲ್ಯಾಡಿಸ್ ಬಾಯಿ, ಮದ್ದಿನಂಗಡಿಯವರು ನೀವು, ಒಂದೇ ಮಾತು ಹೇಳಿ... ಇದು ಮಾತ್ರೆಯದ್ದೇ ಸೈಡ್ ಎಫೆಕ್ಟ್ ಅಲ್ವಾ? ನಮ್ಮವರು, ತಿಲಕರು, ಬೋಟಿಗೆ ಹೋಗಿ ಇವತ್ತಿಗೆ ಐದು ದಿನ. ಬೆಳಿಗ್ಗೆ ಎಲ್ಲೋ ರೇಂಜ್ ಸಿಕ್ಕಿ ಫೋನ್ ಮಾಡಿದರು. ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುತ್ತದಂತೆ. ನಿಂತರೆ ತಲೆಸುತ್ತು, ಸುಮ್ಮಸುಮ್ಮನೆ ಅಳು... "ಹರ್ಷಿಣೀ, ನೀರು ನೋಡಲಿಕ್ಕೇ ಹೆದರಿಕೆ ಆಗುತ್ತದೆ" ಅಂದರು. ಕಡಲಲ್ಲೇ ಬೆಳೆದವರು, ಬಾಯಿ! ಅಷ್ಟರಲ್ಲಿ ಲೈನ್ ಹೋಯ್ತು.

ಎಂತ? ದಿನಾ ತಿನ್ನುತ್ತಾರಾ ಅಂತಲಾ? ತಿನ್ನದೆ ಮತ್ತೆ! ದಿನಾ... ಊಟ ಆದ ಮೇಲೆ.

ಮಣಿಪಾಲದ ಡಾಕ್ಟ್ರು ಹೇಳಿದ್ದರು, ಸುರುವಿಗೆ ವಾಕರಿಕೆ ಬಂದೀತು, ಬಾಯಿ ಒಣಗೀತು, ಮನಸ್ಸು ತಿಳಿಯಾಗಲಿಕ್ಕೆ ಕೆಲವು ವಾರ ಬೇಕು ಅಂತ. ಹಾಗೆಯೇ ಆಯ್ತು. ಐದನೇ ವಾರ ಬಂಗುಡೆ ಸಾರಿಗೆ ಎರಡು ಸಲ ಅನ್ನ ಹಾಕಿಸಿಕೊಂಡರು! ಈಗ ಯಾಕೆ ಹೀಗೆ? ಮಾತ್ರೆಯೇ ತಿರುಗಿ ಬಿದ್ದದ್ದು ಅಲ್ವಾ? ಹೌದು ಅನ್ನಿ, ಕೈ ಮುಗಿಯುತ್ತೇನೆ.

ಹೆಸರಾ? ನನ್ನ ಬಾಯಲ್ಲಿ ತಿರುಗುವುದಿಲ್ಲ. ತಕೊಳ್ಳಿ, ಸ್ಟ್ರಿಪ್ ತಂದಿದ್ದೇನೆ, ನೀವೇ ನೋಡಿ.

...ಮಾತ್ರೆ ಯಾಕೆ ಎಣಿಸುತ್ತೀರಿ? ಪ್ಲಾಸ್ಟಿಕ್ ಸುತ್ತಿ ರಬ್ಬರ್ ಹಾಕಿದ್ದು ಅವರೇ, ಬೋಟಿನಲ್ಲಿ ಉಪ್ಪುನೀರು ತಾಗಬಾರದು ಅಂತ. ಇದು... ಇದು ಬೇರೆಯದ್ದು. ಅವರ ಹತ್ತಿರ ಇನ್ನೊಂದು ಉಂಟು. ಹಾಗೆ ನೋಡಬೇಡಿ! ಹೌದು, ಕೊಟ್ಟವರು ನೀವೇ. ಒಂದೇ ಸ್ಟ್ರಿಪ್, ಹತ್ತು ದಿನಕ್ಕೆ ಹತ್ತು... ಹತ್ತೂ ಇದರಲ್ಲೇ ಉಂಟು.

ಬಾಯಿ, ಬೈದಾದರೂ ಬಿಡಿ.

ನಾನೇ ತೆಗೆದದ್ದು. ಬೋಟು ಬಿಡುವ ದಿನ, ಅವರ ಚೀಲದಿಂದ. ನಿದ್ರೆ ತೂಗಬಹುದು ಅಂತ ಚೀಟಿಯಲ್ಲಿ ಬರೆದಿತ್ತು, ಕಡಲಿಗೆ ಬಿದ್ದರೆ ಅಂತ... ಇಲ್ಲ, ಅದೊಂದೇ ಅಲ್ಲ. ಏಳು ಜನ ಒಟ್ಟಿಗೆ ಮಲಗುವ ಜಾಗ. ಯಾರಾದರೂ ಕಂಡರೆ? ನಮ್ಮ ಬೋಟು ನಡೆಸುವ ತಾಂಡೇಲ ತಲೆಯ ಮದ್ದು ತಿನ್ನುತ್ತಾನೆ ಅಂತ ಮಲ್ಪೆ ಇಡೀ... ಅದಕ್ಕೇ ಅಲ್ವಾ ನಾನು ಮದ್ದಿಗೆ ಕಾಪುವಿನವರೆಗೆ ಬಸ್ಸಲ್ಲಿ ಬರುವುದು! ಒಮ್ಮೆಲೇ ನಿಲ್ಲಿಸಬಾರದು ಅಂತ ಡಾಕ್ಟ್ರು ಹೇಳಿದ್ದು ಕೇಳಿದ್ದೆ. ಕೇಳಿಯೂ ತೆಗೆದೆ.

"ಮದ್ದು ಮನೆಯಲ್ಲೇ ಮರೆತು ಬಂದೆ, ಬೈಯಬೇಡ ಮಾರಾಯ್ತಿ" ಅಂತ ಬೆಳಿಗ್ಗೆ ಅವರೇ ನನ್ನಲ್ಲಿ ಕ್ಷಮೆ ಕೇಳಿದರು, ಬಾಯಿ. ನಾನು... ಆಯ್ತು ಅಂದೆ.

ಡಾಕ್ಟ್ರಿಗೆ ಫೋನಾ? ಮಾಡಿ, ಬೇಗ ಮಾಡಿ. ನಮ್ಮವರಿಗೆ ಫೋನ್ ಹೋಗುವುದಿಲ್ಲ. ಇನ್ನು ಬೋಟಿನ ಧಣಿಯ ವೈರ್‌ಲೆಸ್ ಒಂದೇ. ಅದರಲ್ಲಿ ಮಾತಾಡಿದರೆ ಕಡಲಲ್ಲಿರುವ ಬೋಟಿಗೆಲ್ಲ ಕೇಳುತ್ತದೆ...

ಕೇಳಲಿ! ತಿಲಕರನ್ನು ಒಬ್ಬರೇ ಬಿಡಬೇಡಿ, ಬೋಟು ತಿರುಗಿಸಿ ಅಂತ ನಾನೇ ಹೇಳುತ್ತೇನೆ. ಅವರು ಮರೆತದ್ದಲ್ಲ ಅಂತಲೂ ಹೇಳುತ್ತೇನೆ.